ನಿಮಗಿದು ಗೊತ್ತೇ? ಆನೆ, ಎತ್ತು, ಯುದ್ಧ: ಕ್ರಿ.ಪೂ. 217

ರೋಮ್ ಮೇಲೆ ದಂಡೆತ್ತಿ ಬಂದ ಹ್ಯಾನಿಬಲ್ ಆಲ್ಪ್ಸ್ ದಾಟಿಸಿ ತಂದ ಆನೆಗಳಲ್ಲಿ ಆ ವರ್ಷದ ವಸಂತಕ್ಕೆ ಉಳಿದದ್ದು ಒಂದೇ. ಅದರ ಮೇಲೆ ಕೂತೇ ಅವನು ಇಟಲಿಯ ಜವುಗು ನೆಲ ದಾಟಿದ. ಕಣ್ಣುಬೇನೆಗೆ ಮದ್ದು ಮಾಡಿಸಲು ಪುರುಸೊತ್ತಿಲ್ಲದೆ ಆ ದಾರಿಯಲ್ಲೇ ಒಂದು ಕಣ್ಣು ಹೋಯಿತು.

ಜೂನ್‌ನಲ್ಲಿ ಟ್ರಾಸಿಮೀನ್ ಸರೋವರದ ದಡ. ಬೆಳಗಿನ ಮಂಜಿನಲ್ಲಿ ಸಾಲಾಗಿ ಬರುತ್ತಿದ್ದ ರೋಮನ್ ಸೇನೆಯ ಮೇಲೆ ಗುಡ್ಡಗಳಿಂದ ಹ್ಯಾನಿಬಲ್‌ನ ದಂಡು ಇಳಿಯಿತು. ಸೇನೆ ನಡೆಸುತ್ತಿದ್ದ ಕಾನ್ಸಲ್ ಫ್ಲಾಮಿನಿಯಸ್ ಸೇರಿ ಸುಮಾರು 15,000 ರೋಮನ್ನರು ಸತ್ತರು. ಆಗಲೇ ಭೂಕಂಪವೂ ಆಯಿತಂತೆ. ಕಾದಾಡುತ್ತಿದ್ದವರಿಗೆ ನೆಲ ನಡುಗಿದ್ದೇ ತಿಳಿಯಲಿಲ್ಲ ಎನ್ನುತ್ತಾನೆ ಇತಿಹಾಸಕಾರ ಲಿವಿ.

ವಾಡಿಕೆಯ ಲೆಕ್ಕ ಹಿಡಿದರೆ ಅದರ ಮರುದಿನವೇ, ಜೂನ್ 22ರಂದು, ಗಾಜಾದ ದಕ್ಷಿಣಕ್ಕೆ ರಾಫಿಯಾ ಕದನ. (ಇಂದಿನ ರಫಾ.) ಈಜಿಪ್ಟಿನ 4ನೇ ಟಾಲೆಮಿಯ ಬಳಿ 73 ಆಫ್ರಿಕನ್ ಆನೆ, ಸಿರಿಯಾದ 3ನೇ ಆಂಟಿಯೋಕಸ್ ಬಳಿ 102 ಭಾರತೀಯ ಆನೆ. ಆಂಟಿಯೋಕಸ್‌ನ ಮುತ್ತಜ್ಜನ ತಂದೆ ಸೆಲ್ಯೂಕಸ್‌ಗೆ 500 ಆನೆ ಕೊಟ್ಟವನು ಚಂದ್ರಗುಪ್ತ ಮೌರ್ಯ, ಜೈನ ಪರಂಪರೆ ನಮ್ಮ ಶ್ರವಣಬೆಳಗೊಳದಲ್ಲಿ ನೆನೆಯುವ ಅದೇ ಅರಸ. ನಮ್ಮ ಆನೆಗಳ ವಾಸನೆ, ಘೀಳು ತಾಳಲಾರದೆ ಆಫ್ರಿಕದವು ಹಿಂಜರಿದವೆಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಆದರೂ ಗೆದ್ದದ್ದು ಟಾಲೆಮಿ! ಆಂಟಿಯೋಕಸ್ ಗೆಲುವಿನ ಹುಮ್ಮಸ್ಸಿನಲ್ಲಿ ಒಂದು ಬದಿಯ ಶತ್ರುಗಳನ್ನು ದೂರ ಅಟ್ಟಿಕೊಂಡು ಹೋದ; ಇತ್ತ ನಡುವಿನ ಅವನ ಕಾಲಾಳುಪಡೆ ಮುರಿದುಬಿತ್ತು. ಟಾಲೆಮಿ ಈ ಯುದ್ಧಕ್ಕೆಂದು 20,000 ಸ್ಥಳೀಯ ಈಜಿಪ್ಟಿಯನ್ನರಿಗೆ ಭರ್ಜಿ ಹಿಡಿಸಿದ್ದ. ಗೆಲುವಿನ ರುಚಿ ಕಂಡ ಅವರೇ ಮುಂದೆ ಅವನ ವಿರುದ್ಧ ದಂಗೆ ಎದ್ದರು.

ಅತ್ತ ಇಟಲಿಯಲ್ಲಿ, ಟ್ರಾಸಿಮೀನ್ ಸೋಲಿನ ಬಳಿಕ ರೋಮ್ ಫೇಬಿಯಸ್‌ನನ್ನು ಸರ್ವಾಧಿಕಾರಿಯಾಗಿ ನೇಮಿಸಿತು. ನೇರ ಕಾದಾಟಕ್ಕೆ ಇಳಿಯದೆ ಹಿಂಬಾಲಿಸಿ ಸತಾಯಿಸುವುದು ಅವನ ನೀತಿ. ಅವನು ಕಣಿವೆಯ ದಾರಿ ಕಟ್ಟಿದಾಗ ಹ್ಯಾನಿಬಲ್ ಸುಮಾರು 2,000 ಎತ್ತುಗಳ ಕೊಂಬಿಗೆ ಒಣಕಟ್ಟಿಗೆ ಕಟ್ಟಿಸಿ, ರಾತ್ರಿ ಬೆಂಕಿಯಿಟ್ಟು ಗುಡ್ಡಕ್ಕೆ ಅಟ್ಟಿಸಿದ. ಕಾವಲಿನವರು ಆ ಬೆಳಕಿನ ಬೆನ್ನು ಹತ್ತಿದರು, ಹ್ಯಾನಿಬಲ್ ಸೇನೆ ಸದ್ದಿಲ್ಲದೆ ಪಾರಾಯಿತು. ಮೂಕಪ್ರಾಣಿಗಳ ಪಾಡು ನೆನೆದರೆ ಮಾತ್ರ ಹೊಟ್ಟೆ ಕಿವುಚುತ್ತದೆ.

ಟ್ರಾಸಿಮೀನ್ ಸುದ್ದಿ ಮ್ಯಾಸಿಡೋನಿಯದ 5ನೇ ಫಿಲಿಪ್‌ಗೆ ಮುಟ್ಟಿದಾಗ ಅವನು ಆಟದ ಹಬ್ಬ ನೋಡುತ್ತಿದ್ದ. ಓಲೆಯನ್ನು ಆಪ್ತನೊಬ್ಬನಿಗೆ ಮಾತ್ರ ತೋರಿಸಿದ. ಆ ವರ್ಷವೇ ನೌಪಾಕ್ಟಸ್‌ನಲ್ಲಿ, ತಮ್ಮತಮ್ಮಲ್ಲೇ ಕಾದುತ್ತಿದ್ದ ಗ್ರೀಕರ ನಡುವೆ ಸಂಧಿಯಾಯಿತು. ಪಶ್ಚಿಮದಲ್ಲಿ ಕವಿಯುತ್ತಿರುವ ಮೋಡ ನಮ್ಮ ಮೇಲೂ ಬಂದೀತು, ಒಳಜಗಳ ಬಿಡಿ ಎಂದು ಅಜಿಲಾಸ್ ಎಂಬಾತ ಅಲ್ಲಿ ಎಚ್ಚರಿಸಿದ. ಎರಡು ವರ್ಷದಲ್ಲಿ ಫಿಲಿಪ್ ಹ್ಯಾನಿಬಲ್ ಜತೆ ಒಪ್ಪಂದ ಮಾಡಿಕೊಂಡ. ರೋಮ್ ಗ್ರೀಸಿನತ್ತ ಸೇನೆ ಕಳಿಸಿತು.