ದೂರದ ಕಡಲಿಗೆ ಹಳೆಯ ಹಾಯಿದೋಣಿ

ಫೈಬರ್‌ಗ್ಲಾಸ್ ಹಾಯಿದೋಣಿಯ ಎಲ್ಲ ಭಾಗಗಳಿಗೂ ಒಟ್ಟಿಗೆ ವಯಸ್ಸಾಗುವುದಿಲ್ಲ. ನಲವತ್ತು ವರ್ಷ ಕಳೆದ ಮೇಲೂ ಒಡಲು ಗಟ್ಟಿಯಾಗಿರಬಹುದು. ಕೂವೆಮರವನ್ನು ಬಿಗಿದು ನಿಲ್ಲಿಸಿದ ಉಕ್ಕಿನ ತಂತಿ, ನೀರಿನ ವಾಲ್ವು, ವೈರಿಂಗು, ಹಾಯಿಬಟ್ಟೆ ಇವೆಲ್ಲ ಅದಕ್ಕೆ ಬಹಳ ಮೊದಲೇ ಮುಗಿದುಹೋಗಿರುತ್ತವೆ. ಯುರೋಪ್, ಅಮೆರಿಕದ ಬಂದರುಗಳಲ್ಲಿ 1970-80ರ ದಶಕದ ದೋಣಿಗಳು ಹೊಸ ದೋಣಿಯ ಬೆಲೆಯಲ್ಲಿ ಸಣ್ಣದೊಂದು ಪಾಲಿಗೆ ಸಿಗುವುದು ಇದೇ ಕಾರಣಕ್ಕೆ. ಕೊಳ್ಳುವವರು ನಿಜವಾಗಿ ಕೊಳ್ಳುವುದು ಒಡಲನ್ನು ಮಾತ್ರ. ಉಳಿದದ್ದೆಲ್ಲ ಬದಲಿಸಬೇಕಾದ ಸಾಮಾನು ಎಂದುಕೊಂಡೇ ಹೊರಟರೆ ಲೆಕ್ಕ ತಪ್ಪುವುದಿಲ್ಲ.

ಹಳೆಯ ವಿನ್ಯಾಸದ ದೋಣಿಗಳು ಎಷ್ಟರಮಟ್ಟಿಗೆ ತಾಳಬಲ್ಲವು ಎಂಬುದನ್ನು ಲೋಕಕ್ಕೆ ತೋರಿಸಿದ್ದು ಗೋಲ್ಡನ್ ಗ್ಲೋಬ್ ರೇಸ್. 2018ರಲ್ಲಿ ಮರಳಿ ಆರಂಭವಾದ ಈ ಸ್ಪರ್ಧೆಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿಯನ್ನು ಸುತ್ತಬೇಕು. ದೋಣಿ 32ರಿಂದ 36 ಅಡಿ ಉದ್ದವಿರಬೇಕು, ಅದರ ವಿನ್ಯಾಸ 1988ಕ್ಕಿಂತ ಹಿಂದಿನದಾಗಿರಬೇಕು, ಚುಕ್ಕಾಣಿ ದೋಣಿಯ ತಳದ ಉದ್ದನೆಯ ಕೀಲ್‌ನ ಹಿಂಬದಿಗೆ ಅಂಟಿಕೊಂಡಿರಬೇಕು. ಭಾರತದ ಅಭಿಲಾಷ್ ಟಾಮಿ 2022-23ರ ಸ್ಪರ್ಧೆಯಲ್ಲಿ ಎರಡನೆಯವರಾಗಿ ಬಂದಿದ್ದು ಬ್ರಿಟನ್ನಿನ ರಸ್ಲರ್ 36 ಮಾದರಿಯ ದೋಣಿಯಲ್ಲಿ. ಹಿಡಿದದ್ದು 236 ದಿನ. ಇಂಥ ಯಾನಕ್ಕೂ, ಇಬ್ಬರು ಸೇರಿ ಅಟ್ಲಾಂಟಿಕ್ ದಾಟುವ ಸಾಧಾರಣ ಯಾನಕ್ಕೂ ದೋಣಿಯನ್ನು ಅಣಿಗೊಳಿಸುವ ಕ್ರಮ ಒಂದೇ. ಮುಳುಗಿಸಬಲ್ಲದ್ದನ್ನು ಮೊದಲು ನೋಡಬೇಕು, ಸುಖ ಕೊಡುವುದನ್ನು ಕೊನೆಗೆ. ಹೊಸ ಮೆತ್ತೆ, ದಾರಿ ತೋರಿಸುವ ಹೊಸ ಚಾರ್ಟ್‌ಪ್ಲಾಟರ್ ತಂದಿಟ್ಟು ಹಳೆಯ ವಾಲ್ವುಗಳನ್ನು ಹಾಗೇ ಬಿಟ್ಟವರಿಗೇನೂ ಕೊರತೆಯಿಲ್ಲ.

ಪರೀಕ್ಷೆ ಆರಂಭವಾಗುವುದು ದೋಣಿಯನ್ನು ನೀರಿನಿಂದ ಮೇಲೆತ್ತಿ ನಿಲ್ಲಿಸಿದ ಮೇಲೆ. ನೀರಿನ ಕೆಳಗಿದ್ದ ಭಾಗದಲ್ಲಿ ಗುಳ್ಳೆಗಳೆದ್ದಿರಬಹುದು. ಹೊರಪದರವನ್ನು ದಾಟಿ ಒಳಗೆ ಇಳಿದ ನೀರು ರಾಳದಲ್ಲಿ ಉಳಿದ ರಾಸಾಯನಿಕಗಳನ್ನು ಕರಗಿಸಿಕೊಂಡು ಇನ್ನಷ್ಟು ನೀರನ್ನು ಎಳೆದುಕೊಳ್ಳುವುದರಿಂದ ಇವು ಏಳುತ್ತವೆ. ನೋಡಲು ಭಯಂಕರ, ಆದರೆ ಇದರಿಂದ ದೋಣಿ ಮುಳುಗುವುದು ತೀರಾ ಅಪರೂಪ. ಪದರವನ್ನು ಕೆರೆದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಬಳಿದರೆ ಸಾಕು.

ನಿಜವಾದ ತಲೆನೋವು ಡೆಕ್ಕಿನದು. ತೂಕ ಹೆಚ್ಚಿಸದೆ ಬಿಗಿಯಾಗಿಸಲು ಆ ಕಾಲದ ಬಹುತೇಕ ದೋಣಿಗಳ ಡೆಕ್ಕನ್ನು ಎರಡು ಫೈಬರ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನೋ ಪ್ಲೈವುಡ್ಡನ್ನೋ ಇಟ್ಟು ಕಟ್ಟಲಾಗಿದೆ. ಮೇಲೆ ಬಿಗಿದ ಒಂದೊಂದು ಬೋಲ್ಟಿಗೂ ಒಂದೊಂದು ತೂತು; ಅದರ ಸುತ್ತಲಿನ ಸೀಲಂಟ್ ಒಣಗಿ ಬಿರಿದರೆ ಮಳೆನೀರು ಇಳಿದು ಒಳಗಿನ ಮರ ಕೊಳೆಯುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಹಲಸಿನ ಹಣ್ಣನ್ನು ತಟ್ಟಿ ನೋಡುವ ಹಾಗೆ ಸರ್ವೇಯರ್ ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಅಂಗುಲ ಅಂಗುಲವನ್ನೂ ತಟ್ಟುತ್ತಾ ಹೋಗುತ್ತಾನೆ. ಖಣಖಣ ಎಂದರೆ ಸರಿ. ಸದ್ದು ಮಂಕಾದ ಕಡೆ ಕೊಳೆತಿದೆ. ಅಲ್ಲಿ ಮೇಲಿನ ಪದರವನ್ನು ಕೊಯ್ದು ತೆಗೆದು, ಕೊಳೆತದ್ದನ್ನು ಕೆರೆದು, ಹೊಸ ಮರ ಕೂರಿಸಿ, ಮತ್ತೆ ಫೈಬರ್ ಹೊದಿಸಬೇಕು. ಇದಾದ ಮೇಲೆ ಪ್ರತಿ ಬೋಲ್ಟಿನ ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಕೊರೆಯುತ್ತಾರೆ. ಆಗ ಬೋಲ್ಟು ಸೋರಿದರೂ ನೀರು ಮರವನ್ನು ಮುಟ್ಟುವುದಿಲ್ಲ. ಬೇಸರ ಹಿಡಿಸುವ ಕೆಲಸ, ಆದರೆ ಇದನ್ನು ಬಿಟ್ಟು ಡೆಕ್ಕಿಗೆ ಬಣ್ಣ ಬಳಿಯುವುದು ವ್ಯರ್ಥ.

ಶೌಚಾಲಯ, ಎಂಜಿನ್, ಸಿಂಕುಗಳಿಗಾಗಿ ಒಡಲಿನಲ್ಲಿ ಕೊರೆದ ತೂತುಗಳು ಇನ್ನೊಂದು ಅಪಾಯ. ನೀರಿನ ಮಟ್ಟಕ್ಕಿಂತ ಎರಡು ಅಡಿ ಕೆಳಗೆ ಒಂದೂವರೆ ಅಂಗುಲದ ತೂತೊಂದು ತೆರೆದುಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ಅಗ್ಗದ ಹಿತ್ತಾಳೆ ವಾಲ್ವುಗಳಲ್ಲಿನ ಸತುವನ್ನು ಉಪ್ಪುನೀರು ತಿಂದುಹಾಕಿ, ಲೋಹ ಪುಡಿಪುಡಿಯಾಗುತ್ತದೆ. ಆದ್ದರಿಂದ ಕಂಚಿನ ವಾಲ್ವುಗಳೇ ಆಗಬೇಕು. ಬೇಡದ ತೂತುಗಳನ್ನು ಮುಚ್ಚಿಬಿಡುವುದು ಇನ್ನೂ ಒಳ್ಳೆಯದು. ಉಳಿದ ಪ್ರತಿ ವಾಲ್ವಿನ ಪಕ್ಕದಲ್ಲೂ ಅದಕ್ಕೆ ಹೊಂದುವ ಮರದ ಬಿರಡೆಯನ್ನು ದಾರದಲ್ಲಿ ಕಟ್ಟಿಡುತ್ತಾರೆ.

ಕೂವೆಮರವನ್ನು ಎಳೆದು ನಿಲ್ಲಿಸುವ ಸ್ಟೇನ್‌ಲೆಸ್ ತಂತಿಗಳದ್ದು ಮೋಸದ ವಯಸ್ಸು. ಹೊರಗೆ ಹೊಳೆಯುತ್ತಿದ್ದರೂ ತುದಿಯ ಹಿಡಿಕೆಗಳೊಳಗೆ, ಡೆಕ್ಕನ್ನು ದಾಟಿ ಹೋಗುವ ಲೋಹದ ಪಟ್ಟಿಗಳಲ್ಲಿ, ಗಾಳಿಯಾಡದ ಸಂದುಗಳಲ್ಲಿ ತುಕ್ಕು ಒಳಗೊಳಗೇ ಕೊರೆಯುತ್ತಿರುತ್ತದೆ. ಹತ್ತು-ಹದಿನೈದು ವರ್ಷ ದಾಟಿದ ತಂತಿಗಳಿದ್ದರೆ ವಿಮೆ ಕಂಪನಿಗಳು ತಕರಾರು ತೆಗೆಯುವುದು ಇದಕ್ಕೇ. 2018ರ ಗೋಲ್ಡನ್ ಗ್ಲೋಬ್‌ನಲ್ಲಿ ಐದು ದೋಣಿಗಳ ಕೂವೆಮರಗಳು ಮುರಿದವು. ಅವುಗಳಲ್ಲಿ ಟಾಮಿಯವರ ‘ತುರಿಯಾ’ ಕೂಡ ಒಂದು. ಬೆನ್ನಿಗೆ ತೀವ್ರ ಪೆಟ್ಟಾದ ಅವರನ್ನು ಫ್ರೆಂಚ್ ಗಸ್ತುಹಡಗು ‘ಓಸಿರಿಸ್’ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ರಕ್ಷಿಸಿತು. ಆ ವರ್ಷ ಗೆದ್ದವರು 73 ವರ್ಷದ ಜಾನ್-ಲುಕ್ ವಾನ್ ಡೆನ್ ಹೇಡ್. ಅವರ ದೋಣಿ ರಸ್ಲರ್ 36. ಹೊರಡುವ ಮುನ್ನವೇ ಅವರು ಕೂವೆಮರವನ್ನು ಗಿಡ್ಡ ಮಾಡಿಸಿದ್ದರು. ಪೆಸಿಫಿಕ್‌ನಲ್ಲಿ ದೋಣಿ ಮಗುಚಿ ತಂತಿಯ ಬಿಗಿತ ಸಡಿಲಾದಾಗ ತಾವೇ ಮೇಲೆ ಹತ್ತಿ ಸರಿಪಡಿಸಿ ಯಾನ ಮುಂದುವರಿಸಿದರು. ದೂರ ಹೋಗುವವರು ತಂತಿಯ ತುದಿಗೆ ಸ್ಪ್ಯಾನರ್‌ನಿಂದ ಬಿಗಿಯಬಹುದಾದ ಹಿಡಿಕೆಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಯಂತ್ರದಲ್ಲಿ ಒತ್ತಿ ಕೂರಿಸಿದ ಹಿಡಿಕೆ ಸೀಳಿದರೆ ಕಡಲಿನ ನಡುವೆ ಅದನ್ನು ಹೊಸದಾಗಿ ಕೂರಿಸಲಾಗದು.

ವಾರಗಟ್ಟಲೆ ಕೈಯಲ್ಲಿ ಚುಕ್ಕಾಣಿ ಹಿಡಿಯುವುದು ಒಬ್ಬಿಬ್ಬರಿಂದ ಆಗುವ ಮಾತಲ್ಲ. ದೋಣಿಯ ಹಿಂಭಾಗಕ್ಕೆ ಬಿಗಿಯುವ ವಿಂಡ್‌ವೇನ್ ಗಾಳಿಯ ದಿಕ್ಕನ್ನೇ ಹಿಡಿದು, ವಿದ್ಯುತ್ತಿಲ್ಲದೆ, ಹಗಲೂ ರಾತ್ರಿ ದೋಣಿಯನ್ನು ನಡೆಸುತ್ತದೆ. ಅದರ ಬೆಲೆ ಏನೆಂಬುದನ್ನು ಸೈಮನ್ ಕರ್ವೆನ್ ಅವರ ಅನುಭವ ಹೇಳುತ್ತದೆ. 2022-23ರ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಅವರ ವಿಂಡ್‌ವೇನ್ ಮುರಿಯಿತು. ದುರಸ್ತಿಗಾಗಿ ಚಿಲಿಯ ದಡ ಸೇರಬೇಕಾಗಿ ಬಂದು ಮುಖ್ಯ ವಿಭಾಗದಿಂದಲೇ ಹೊರಬಿದ್ದರು.

ಹಾಯಿಗಳಲ್ಲಿ ಬಟ್ಟೆಗಿಂತ ಮೊದಲು ಬಿಸಿಲಿಗೆ ಸೋಲುವುದು ಹೊಲಿಗೆಯ ದಾರ. ಬಟ್ಟೆ ಇನ್ನೂ ಗಟ್ಟಿಯಿದ್ದರೆ ಮರುಹೊಲಿಗೆ ಹಾಕಿಸಿ, ಬಿರುಗಾಳಿಗೆಂದೇ ಚಿಕ್ಕ, ದಪ್ಪ ಹಾಯಿಗಳನ್ನು ಸೇರಿಸಿದರೆ ಸಾಕು. ಎಂಜಿನ್ ಚೆನ್ನಾಗಿದ್ದರೂ ಡೀಸೆಲ್ ಟ್ಯಾಂಕಿನ ತಳದ ಕೆಸರನ್ನು ತೆಗೆಯದಿದ್ದರೆ ಮೊದಲ ದೊಡ್ಡ ಅಲೆಗಳಿಗೆ ಅದು ಕಲಕಿ, ಫಿಲ್ಟರ್ ಕಟ್ಟಿ, ಎಂಜಿನ್ ನಿಲ್ಲುತ್ತದೆ. ಎಂಜಿನ್ ಅತ್ಯಗತ್ಯವಾಗಿ ಬೇಕಾದ ಹೊತ್ತಿನಲ್ಲೇ ಹೀಗಾಗುವುದು.

ನೀರು, ವಿದ್ಯುತ್ತು ಎರಡೂ ಸರಳ ಲೆಕ್ಕದ ಮಾತು. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ, 36 ಅಡಿ ಆಸುಪಾಸಿನ ದೋಣಿಗೆ ಸುಮಾರು ಮೂರು ವಾರ. ತಡವಾದೀತೆಂದು 30 ದಿನ ಹಿಡಿದರೆ, ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಇಬ್ಬರಿಗೆ 240 ಲೀಟರ್. ಅದನ್ನು ಎರಡು ಟ್ಯಾಂಕುಗಳಲ್ಲಿ ಹಂಚಿಟ್ಟರೆ ಒಂದು ಕೆಟ್ಟರೂ ಜೀವ ಉಳಿಯುತ್ತದೆ. ಉಪ್ಪುನೀರನ್ನು ಸಿಹಿಯಾಗಿಸುವ ಸಣ್ಣ ಯಂತ್ರ ಗಂಟೆಗೆ ಐದಾರು ಲೀಟರ್ ಕೊಡುತ್ತದೆ, ಆದರೆ ಅದನ್ನೇ ನಂಬಿ ಹೊರಡಬಾರದು. ಸೀಸದ ಬ್ಯಾಟರಿಗಳ ಚಾರ್ಜನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅವು ಬೇಗ ಸಾಯುತ್ತವೆ. ಆದ್ದರಿಂದ ದಿನಕ್ಕೆ 100 ಆಂಪಿಯರ್-ಅವರ್ ಖರ್ಚಿದ್ದರೆ 200 ಆಂಪಿಯರ್-ಅವರ್‌ನ ಬ್ಯಾಟರಿಯಾದರೂ ಬೇಕು, ಜೊತೆಗೆ ಅಷ್ಟನ್ನು ಮರಳಿ ತುಂಬುವ ಸೋಲಾರ್ ಫಲಕಗಳು. ವೈರುಗಳು ತವರ ಲೇಪಿಸಿದ ತಾಮ್ರದ್ದಾಗಿರಬೇಕು. ಬರಿಯ ತಾಮ್ರ ಉಪ್ಪುಗಾಳಿಗೆ ಕಪ್ಪಾಗುತ್ತದೆ.

ಅಡುಗೆ ಅನಿಲದ ವಿಷಯದಲ್ಲಿ ಮನೆಗಿಂತ ಹೆಚ್ಚು ಎಚ್ಚರ ಬೇಕು. ಗಾಳಿಗಿಂತ ಭಾರವಾದ ಅನಿಲ ಸೋರಿದರೆ ಮನೆಯಲ್ಲಿ ಬಾಗಿಲ ಸಂದಿಯಿಂದಾದರೂ ಹೋದೀತು. ದೋಣಿಯಲ್ಲಿ ತಳದಲ್ಲಿ ತುಂಬಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಪೆಟ್ಟಿಗೆ ಒಳಭಾಗಕ್ಕೆ ಪೂರ್ತಿ ಮುಚ್ಚಿರಬೇಕು, ಅದರ ತಳದ ತೂತು ಸಮುದ್ರದ ಕಡೆಗೆ ತೆರೆದಿರಬೇಕು.

ಲೈಫ್‌ರಾಫ್ಟ್, ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್, ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳು ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಪರೀಕ್ಷಾಯಾನವನ್ನು. ಕೆಲಸ ಮುಗಿದ ದೋಣಿಯನ್ನು ದಡಕ್ಕೆ ಹತ್ತಿರವಿದ್ದುಕೊಂಡೇ ಕೆಲವು ರಾತ್ರಿ, ಬೀಸುಗಾಳಿಯಲ್ಲಿ ಓಡಿಸಿ ನೋಡಬೇಕು. ಸೋರುವುದು, ಸವೆಯುವುದು, ಸಡಿಲಾಗುವುದು ಆಗ ಬಯಲಾಗುತ್ತವೆ. ಹಾಗೆ ಮಾಡದೆ ನೇರ ಹೊರಟವರು ಮೊದಲ ಪರದೇಶದ ಬಂದರಿನಲ್ಲೇ ಬಿಡಿಭಾಗಗಳಿಗೆ ಕಾಯುತ್ತಾ ವಾರಗಟ್ಟಲೆ ಕೂರುವುದು ಮಾಮೂಲು.