ನೆರೆ ಇಳಿದ ಮೇಲಿನ ಕೇಡು

ಪಟ್ಟದಕಲ್ಲಿನಲ್ಲಿ ಮಲಪ್ರಭೆಯು ಉತ್ತರವಾಹಿನಿಯಾಗುವಳೆಂಬ ಕಾರಣದಿಂದ ಆ ಕ್ಷೇತ್ರಕ್ಕೆ ಹಿರಿದಾದ ಪಾವಿತ್ರ್ಯ ಬಂದಿತು. ಪತಿಯಾದ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯ ಪಲ್ಲವರ ಮೇಲೆ ಸಾಧಿಸಿದ ವಿಜಯದ ಸ್ಮರಣಾರ್ಥವಾಗಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ವಿರೂಪಾಕ್ಷಾಲಯವನ್ನು ಕಟ್ಟಿಸಿದ್ದೂ ಆ ನದಿಯ ದಡದಲ್ಲಿಯೇ. ನದಿಯನ್ನು ಅರಸಿ ಬಂದ ಗುಡಿಯನ್ನು ನದಿಯೂ ಒಮ್ಮೊಮ್ಮೆ ಅರಸಿಕೊಂಡು ಬರುವುದುಂಟು. 2019ರ ಆಗಸ್ಟಿನಲ್ಲಿ ಮೇಲಣ ಸೀಮೆಯ ಮಳೆಯಿಂದ ಹೊಳೆ ಉಕ್ಕಿ, ವಿಶ್ವಪರಂಪರೆಯ ತಾಣವೆನಿಸಿದ ಆ ಆವರಣವೇ ಜಲಾವೃತವಾಯಿತು.

ನೀರಿಳಿದೊಡನೆ ಗಂಡಾಂತರ ಕಳೆಯಿತೆಂದು ನಾವು ಸಮಾಧಾನಪಡುತ್ತೇವೆ. ಶಿಲೆಯ ಸಂಕಟವಾದರೋ ಆಗಲೇ ಮೊದಲಾಗುತ್ತದೆ. ಅಲ್ಲಿಯದು ಮರಳುಗಲ್ಲು; ಅದರ ಸೂಕ್ಷ್ಮರಂಧ್ರಗಳಲ್ಲಿ ಇಂಗಿದ ನೀರು, ಮಣ್ಣಿನಿಂದ ಕರಗಿಸಿ ತಂದ ಲವಣಗಳನ್ನು ಅಲ್ಲಿಯೇ ಬಿಟ್ಟು ಆವಿಯಾಗಿ ಹೋಗಲು, ಆ ಲವಣಗಳು ಮೇಲ್ಮೈಯ ತುಸು ಒಳಗೆ ಹರಳುಗಟ್ಟಿ ಕಣಗಳ ಬೆಸುಗೆಯನ್ನು ಸಡಿಲಿಸುತ್ತವೆ. ಕಂಬದ ಬುಡದಲ್ಲಿ ಮೊದಲು ಬಿಳಿಯ ಹುಡಿ ಕಾಣುತ್ತದೆ, ಅನಂತರ ಹಕ್ಕಳೆ ಏಳುತ್ತದೆ. ಹಕ್ಕಳೆಯೊಡನೆ ಶಿಲ್ಪದ ಬೆರಳ ತುದಿಯೋ ಕಾಲ್ಗೆಜ್ಜೆಯ ಒಂದೆಳೆಯೋ ಉದುರಿ ಹೋಗುತ್ತದೆ.

ಆದುದರಿಂದ ಚಿಕಿತ್ಸೆಗೆ ಅವಸರ ಸಲ್ಲದು. ಕೆಸರನ್ನು ಮಾತ್ರ, ಅದು ಒಣಗಿ ಗಟ್ಟಿಯಾಗುವ ಮುನ್ನ, ಶುದ್ಧ ನೀರಿನಿಂದಲೂ ಮೃದುವಾದ ಕುಂಚದಿಂದಲೂ ತೊಳೆಯತಕ್ಕದ್ದು. ಉಳಿದದ್ದನ್ನು ಗಾಳಿಗೆ ಬಿಟ್ಟು ಕಾಯಬೇಕು. ಉತ್ಸಾಹಿಗಳು ತಂತಿಯ ಬ್ರಷ್ಷನ್ನೂ ಸಿಮೆಂಟನ್ನೂ ಹಿಡಿದು ಬಂದರೆ (ಅಂಥವರಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ) ನೆರೆಯೇ ಲೇಸೆನ್ನಬೇಕಾದೀತು. ಸಿಮೆಂಟು ಸಂದುಗಳನ್ನು ಬಿಗಿದಾಗ ತೇವಕ್ಕೆ ಕಲ್ಲಿನ ಮೂಲಕವಲ್ಲದೆ ಬೇರೆ ದಾರಿಯಿರದು. ಸುಣ್ಣದ ಗಾರೆಯಾದರೋ ತಾನು ಸವೆದು ಕಲ್ಲನ್ನು ಉಳಿಸುತ್ತದೆ.

ನೀರನ್ನೇ ತಡೆಯಬಾರದೆ? ತಡೆದುದುಂಟು. ನಾರಾಯಣಪುರದ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ, ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂಥ ಎತ್ತರದ ಗೋಡೆಯನ್ನೆಬ್ಬಿಸಿದರು. ಭಕ್ತರು ಈಗ ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಶ್ರೀಶೈಲದ ಯೋಜನೆಯಿಂದ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರಾಲಯವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರಳಿ ಕಟ್ಟಿದರು. ಶಾಶ್ವತವಾಗಿ ನಿಲ್ಲುವ ನೀರಿಗೆ ಇವು ತಕ್ಕ ಉಪಾಯಗಳೇ ಸರಿ. ಆದರೆ ಬಂದು ಹೋಗುವ ನೆರೆಗೆ ಹೆದರಿ ಪಟ್ಟದಕಲ್ಲಿಗೂ ಮಲಪ್ರಭೆಗೂ ನಡುವೆ ಕೋಟೆಯೆಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಮಳೆಗಾಲಕ್ಕೆ ಮುನ್ನ ಚರಂಡಿಗಳ ಹೂಳೆತ್ತುವುದು, ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಡುವ ಸಮಾಚಾರವು ಗುಡಿಯ ಕಾವಲುಗಾರನಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವಂತೆ ಮಾಡುವುದು, ತಳಪಾಯದ ಮಣ್ಣು ಎಲ್ಲಿ ಕೊರೆದಿದೆಯೆಂದು ಪ್ರತಿ ನೆರೆಯ ತರುವಾಯ ನೋಡುವುದು, ಇಷ್ಟನ್ನು ತಪ್ಪದೆ ನಡೆಸಿದರೆ ಆ ಕೋಟೆಯ ವೆಚ್ಚದ ಅಲ್ಪಾಂಶವೂ ಬೇಕಾಗದು.