ರೆಟ್ರೋ ವಿಡಿಯೋ ಗೇಮ್

ರೆಟ್ರೋ ವಿಡಿಯೋ ಗೇಮ್ ಎಂಬುದು ಸಾಮಾನ್ಯವಾಗಿ 1970ರಿಂದ 1990ರ ದಶಕದವರೆಗೆ ಬಿಡುಗಡೆಯಾದ ವಿಡಿಯೋ ಆಟಗಳನ್ನು ಸೂಚಿಸುವ ಪದವಾಗಿದೆ. ಆ ಕಾಲದ ಚಿತ್ರ, ಧ್ವನಿ ಮತ್ತು ಆಟದ ಕ್ರಮವನ್ನು ಅನುಸರಿಸಿ ನಂತರದ ವರ್ಷಗಳಲ್ಲಿ ರಚಿಸಲಾದ ಆಟಗಳನ್ನು ರೆಟ್ರೋ ಶೈಲಿಯ ಆಟಗಳೆಂದು ಕರೆಯಲಾಗುತ್ತದೆ. ಮೊದಲನೆಯವುಗಳ ರೂಪವನ್ನು ಯಂತ್ರದ ಮಿತಿ ನಿರ್ಧರಿಸಿದರೆ, ಎರಡನೆಯವುಗಳ ರೂಪವು ರಚನಕಾರರ ಆಯ್ಕೆಯಾಗಿದೆ.

ಹಳೆಯ ಆಟಗಳು

1985ರಲ್ಲಿ ನಿಂಟೆಂಡೊ ಹೊರತಂದ ಸೂಪರ್ ಮಾರಿಯೋ ಬ್ರದರ್ಸ್ ಆಟದ ಒಟ್ಟು ಗಾತ್ರ ಕೇವಲ 40 ಕಿಲೋಬೈಟ್. ಸ್ಥಳವನ್ನು ಉಳಿಸಲು ಅದರಲ್ಲಿ ಮೋಡ ಮತ್ತು ಪೊದೆಗಳಿಗೆ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬಳಸಲಾಗಿದೆ. ಈ ಆಟ ನಡೆಯುತ್ತಿದ್ದ ಯಂತ್ರವು ಪರದೆಯ ಒಂದು ಅಡ್ಡಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರಗಳನ್ನು ತೋರಿಸಲಾರದು. ಹೀಗಾಗಿ ಪಾತ್ರಗಳು ಹೆಚ್ಚಾದಾಗ ಕೆಲವು ಮಿಣುಕುತ್ತವೆ. 1980ರ ಪ್ಯಾಕ್‌-ಮ್ಯಾನ್ ಆಟದಲ್ಲಿ ಹಂತಗಳನ್ನು ಎಣಿಸುವ ಸಂಖ್ಯೆ 8 ಬಿಟ್‌ಗಳದ್ದಾದ್ದರಿಂದ 256ನೆಯ ಹಂತದಲ್ಲಿ ಪರದೆಯ ಬಲಭಾಗ ಕೆಟ್ಟುಹೋಗಿ, ಆಟವನ್ನು ಮುಂದುವರಿಸಲು ಸಾಧ್ಯವಾಗುವುದಿಲ್ಲ.

ರೆಟ್ರೋ ಶೈಲಿಯ ಆಟಗಳು

2014ರ ಶವಲ್ ನೈಟ್ ಆಟವು 8 ಬಿಟ್ ಕಾಲದ ಚಿತ್ರಶೈಲಿಯನ್ನು ಅನುಸರಿಸಿದರೂ ಅಗಲವಾದ ಪರದೆಯನ್ನು ಬಳಸುತ್ತದೆ ಮತ್ತು ಮಿಣುಕುವಿಕೆಯನ್ನು ಕೈಬಿಟ್ಟಿದೆ. 2016ರ ಸ್ಟಾರ್‌ಡ್ಯೂ ವ್ಯಾಲಿ, 1996ರಲ್ಲಿ ಆರಂಭವಾದ ಹಾರ್ವೆಸ್ಟ್ ಮೂನ್ ಸರಣಿಯಿಂದ ಪ್ರೇರಿತವಾದ ಕೃಷಿ ಆಟ. ಎರಿಕ್ ಬರೋನ್ ಇದನ್ನು ಒಬ್ಬರೇ ರಚಿಸಿದರು. 2018ರ ಸೆಲೆಸ್ಟ್ ಹಳೆಯ ಜಿಗಿತದ ಆಟಗಳಷ್ಟೇ ಕಠಿಣವಾಗಿದ್ದರೂ, ಸೋತ ಆಟಗಾರನು ಅದೇ ಪರದೆಯಿಂದ ಕೂಡಲೇ ಪುನಃ ಆರಂಭಿಸಬಹುದು. ಹೊಸದಾಗಿ ಆಡುವವರಿಗೆ ಇಂತಹ ಆಟಗಳು ಸುಲಭ ಪ್ರವೇಶವನ್ನು ಒದಗಿಸುತ್ತವೆ. ಆದರೆ ಆಟದ ನಿಯಮಗಳು ಯಂತ್ರದ ಮಿತಿಯಿಂದ ಹೇಗೆ ರೂಪುಗೊಂಡವು ಎಂಬುದನ್ನು ತಿಳಿಯಲು ಮೂಲ ಆಟಗಳನ್ನೇ ನೋಡಬೇಕಾಗುತ್ತದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಅನೇಕರಿಗೆ ಈ ಆಟಗಳ ಪರಿಚಯವಾದದ್ದು ಮೂಲ ಯಂತ್ರಗಳಿಂದಲ್ಲ, ಟಿವಿಗೆ ಜೋಡಿಸುವ ಅನುಕರಣ ಯಂತ್ರಗಳಿಂದ. ಒಂದೇ ಕ್ಯಾಸೆಟ್ಟಿನಲ್ಲಿ ಹಲವು ಆಟಗಳನ್ನು ತುಂಬಿ ಮಾರಲಾಗುತ್ತಿತ್ತು. ಕರ್ನಾಟಕದಲ್ಲಿ ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್, ದೇಶದ ಮೊದಲ ಆಟ ನಿರ್ಮಾಣ ಸಂಸ್ಥೆಗಳಲ್ಲಿ ಒಂದು. 2019ರಲ್ಲಿ ಇದನ್ನು ರಾಕ್‌ಸ್ಟಾರ್ ಗೇಮ್ಸ್ ಖರೀದಿಸಿತು.

ಹಳೆಯ ಆಟಗಳಲ್ಲಿ ಪ್ರತಿ ಅಕ್ಷರವನ್ನು ಸಾಮಾನ್ಯವಾಗಿ 8×8 ಚುಕ್ಕೆಗಳ ಚೌಕದಲ್ಲಿ ಬರೆಯಲಾಗುತ್ತಿತ್ತು. ರೋಮನ್ ಲಿಪಿಗೆ ಇದು ಸಾಕಾದರೂ ತಲೆಕಟ್ಟು, ಗುಣಿತದ ಚಿಹ್ನೆ ಮತ್ತು ಕೆಳಗೆ ಬರುವ ಒತ್ತಕ್ಷರಗಳಿರುವ ಕನ್ನಡಕ್ಕೆ ಸಾಲದು. ಆದ್ದರಿಂದ ಈ ಶೈಲಿಯ ಆಟವನ್ನು ಕನ್ನಡದಲ್ಲಿ ರಚಿಸಲು ಎತ್ತರದ ಅಕ್ಷರಚೌಕಗಳ ಅಗತ್ಯವಿದೆ.

ಸಂರಕ್ಷಣೆ

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಮೂಲ ಪ್ರತಿಗಳೂ ಶಾಶ್ವತವಲ್ಲ: ಆಟದ ಪ್ರಗತಿಯನ್ನು ಉಳಿಸುವ ಕ್ಯಾಸೆಟ್ಟುಗಳ ಒಳಗಿನ ಬ್ಯಾಟರಿ ಕಾಲಕ್ರಮೇಣ ಬರಿದಾಗುತ್ತದೆ. ಬಾತುಕೋಳಿ ಬೇಟೆಯ ಆಟವಾದ ಡಕ್ ಹಂಟ್‌ನ ಬಂದೂಕು ಹಳೆಯ ಚಿತ್ರನಳಿಕೆಯ ಟಿವಿಗಾಗಿಯೇ ರೂಪಿಸಲಾದದ್ದು; ಇಂದಿನ ಎಲ್‌ಸಿಡಿ ಪರದೆಗಳಲ್ಲಿ ಅದು ಕೆಲಸ ಮಾಡುವುದಿಲ್ಲ.

ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶಗಳು ಈ ಕೊರತೆಯನ್ನು ಭಾಗಶಃ ನೀಗಿಸುತ್ತವೆ. ಆದರೆ ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳು ಸಾಹಿತ್ಯ ಕೃತಿಗಳ ವ್ಯಾಪ್ತಿಗೆ ಸೇರಿವೆ. ಮಾರಾಟ ನಿಂತಿದೆ ಎಂಬ ಕಾರಣಕ್ಕೆ ಆಟವೊಂದರ ಹಕ್ಕುಸ್ವಾಮ್ಯ ಕೊನೆಗೊಳ್ಳುವುದಿಲ್ಲ.